ಒಂಬತ್ತು ಗಂಟೆಯ ಮಾತ್ರೆ

ತಾರ್ನಾಕಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ನನ್ನ ಮೊಬೈಲು ಕೂಗಿಕೊಳ್ಳುತ್ತದೆ. ಎದುರು ಮನೆಯ ತೆಲುಗರ ಮೊಮ್ಮಗ ಅದಕ್ಕೆ ‘ತಾತಗಾರಿ ಗಂಟ’ ಎಂದು ಹೆಸರಿಟ್ಟಿದ್ದಾನೆ. ರಾತ್ರಿಯ ಗಂಟೆ ಕೂಗಿದರೆ ಟೀವಿ ಆರಿಸಿ ಮಲಗಬೇಕು ಎಂಬುದು ಅವರ ಮನೆಯ ಕಟ್ಟಳೆ. ಹಾಗಾಗಿ ಆ ಹುಡುಗನಿಗೆ ನನ್ನ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಗಂಟೆ ಕೂಗಿತೆಂದರೆ ನಾನು ಎಲ್ಲಿದ್ದರೂ, ಯಾರ ಮದುವೆ ಮನೆಯಲ್ಲಿದ್ದರೂ, ಜೇಬಿನಿಂದ ಡಬ್ಬಿ ತೆಗೆದು ಟ್ಯಾಕ್ರೊಲಿಮಸ್ ಎಂಬ ಮಾತ್ರೆ ನುಂಗಬೇಕು. 2014ರ ಸೆಪ್ಟೆಂಬರಿನಿಂದ ಇದು ತಪ್ಪಿಲ್ಲ. ಒಂದೇ ಒಂದು ರಾತ್ರಿ ಇಪ್ಪತ್ತು ನಿಮಿಷ ತಡವಾಯಿತು, ಅದನ್ನು ಮುಂದೆ ಹೇಳುತ್ತೇನೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು, ದಿನದ ಲೆಕ್ಕ ಟ್ಯಾಲಿ ಆಗದೆ ಮನೆಗೆ ಹೊರಟವನಲ್ಲ. ಆದರೂ ಇಷ್ಟು ಶಿಸ್ತನ್ನು ಬ್ಯಾಂಕಿಗೂ ತೋರಿಸಿರಲಿಲ್ಲ.

ಊರಿಗೆ ಹೋದಾಗ ಸ್ನೇಹಿತರು ಕೇಳುತ್ತಾರೆ: "ಕಿಡ್ನಿ ಹಾಕಿ ಹತ್ತು ವರ್ಷ ದಾಟ್ತಲ್ಲಯ್ಯಾ, ಅದೂ ನಿಮ್ಮಕ್ಕಂದೇ. ಇನ್ನೂ ಎಷ್ಟು ದಿನ ಮಾತ್ರೆ?" ಇರುವಷ್ಟು ದಿನ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಹತ್ತು ವರ್ಷ ಜೊತೆಗಿದ್ದ ಮೇಲೂ ಮೈಗೆ ಒಗ್ಗಿಲ್ಲವೆಂದರೆ ಏನರ್ಥ? ಎಂ.ಕಾಂ ಓದಿದ ನನಗೂ ಅದೇ ಪ್ರಶ್ನೆ ಇತ್ತು. ಉತ್ತರ ಸಿಕ್ಕಿದ್ದು ಒಂದು ಚಕ್ಕೋತ ಹಣ್ಣಿನ ದೆಸೆಯಿಂದ.

ನಾನು ದೇವನಹಳ್ಳಿ ಕಡೆಯವನು. 1998ರಲ್ಲಿ ಪ್ರಮೋಷನ್ ಕೊಟ್ಟು ಹೈದರಾಬಾದಿಗೆ ಹಾಕಿದರು. ಮೂರು ವರ್ಷ ಕಳೆದು ವಾಪಸು ಹೋದರಾಯಿತು ಅಂದುಕೊಂಡು ಪಾತ್ರೆ ಪಡಗದ ಅರ್ಧವನ್ನು ಊರಿನಲ್ಲೇ ಬಿಟ್ಟು ಬಂದೆವು. ನಡುವೆ ಕರ್ನೂಲು, ವರಂಗಲ್ ಆಯಿತು, ಮಕ್ಕಳ ಓದು ಆಯಿತು, ತಾರ್ನಾಕಾದಲ್ಲಿ ಫ್ಲ್ಯಾಟು ಆಯಿತು. ಆ ಅರ್ಧ ಪಾತ್ರೆ ಇನ್ನೂ ಊರಿನ ಅಟ್ಟದ ಮೇಲೇ ಇವೆ. ಅವುಗಳನ್ನು ಕಾಯುತ್ತಿದ್ದವಳು ಅಕ್ಕ. ನಮ್ಮಮ್ಮ ಹೋದಾಗ ನನಗೆ ಒಂಬತ್ತು ವರ್ಷ, ಅವಳಿಗೆ ಹದಿಮೂರು. ನನ್ನನ್ನು ಸಾಕಿದವಳು ಅವಳೇ. ಭಾವ ತೀರಿಕೊಂಡ ಮೇಲೆ ತವರಿನ ಮನೆಗೇ ಬಂದು ಇದ್ದುಬಿಟ್ಟಿದ್ದಳು.

2013ರಲ್ಲಿ ನನ್ನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆ ಒಂದು ವರ್ಷದ ಕಥೆ ಬೇಡ, ಅನುಭವಿಸಿದವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಿ ಪ್ರಯೋಜನವಿಲ್ಲ. ಅಕ್ಕ ಒಂದು ಬೆಳಿಗ್ಗೆ ಕಾಚಿಗುಡ ಸ್ಟೇಷನ್ನಿನಲ್ಲಿ ಒಬ್ಬಳೇ ಇಳಿದು, ಆಟೋ ಮಾಡಿಕೊಂಡು ಮನೆಗೆ ಬಂದು, ಚೀಲ ಇಡುವ ಮೊದಲೇ "ನಂದು ತಗೋ" ಎಂದಳು. ಕೇಳಿದ್ದು ಯಾರೂ ಅಲ್ಲ.

ಆಮೇಲೆ ಶುರುವಾಯಿತು ಕಾಗದ ಪತ್ರದ ಕೆಲಸ. 1994ರ ಅಂಗಾಂಗ ಕಸಿ ಕಾಯಿದೆಯಲ್ಲಿ ಹತ್ತಿರದ ಸಂಬಂಧಿಕರು ಯಾರು ಎಂದು ಪಟ್ಟಿಯಿದೆ. ಅಕ್ಕ ಆ ಪಟ್ಟಿಯಲ್ಲಿ ಬರುತ್ತಾಳೆ. ಆದರೆ ಅಕ್ಕ ಅಕ್ಕನೇ ಎಂದು ಸಾಬೀತು ಮಾಡಬೇಕು. ನಾಡಕಚೇರಿಯಿಂದ ವಂಶವೃಕ್ಷ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅವಳ ಶಾಲೆಯ ಟೀಸಿ. ಒಂದರಲ್ಲಿ ಅಪ್ಪನ ಹೆಸರಿನ ಕೊನೆಗೆ ‘ಸ್ವಾಮಿ’, ಇನ್ನೊಂದರಲ್ಲಿ ‘ಶಾಮಿ’. ಅದಕ್ಕೊಂದು ಅಫಿಡವಿಟ್. ಎಲ್ಲವೂ ಕನ್ನಡದಲ್ಲಿದ್ದುದರಿಂದ ಇಂಗ್ಲಿಷಿಗೆ ತರ್ಜುಮೆ, ಅದರ ಮೇಲೆ ನೋಟರಿ ಸೀಲು. ನನಗೆ ಇದೆಲ್ಲ ಹೊಸದಲ್ಲ, ಸಾಲ ಕೊಡುವಾಗ ನಾನೂ ಜನರನ್ನು ಹೀಗೇ ಓಡಾಡಿಸಿದ್ದೇನೆ. ಅಕ್ಕನಿಗೆ ಮಾತ್ರ ಸಿಟ್ಟು ಬಂತು. "ನಿನ್ನ ಕುಂಡೆ ತೊಳೆದೋಳು ನಾನು. ಆವಾಗ ಯಾವ ನೋಟರಿ ಸಹಿ ಹಾಕಿದ್ದ?"

ಕಾನೂನು ಒಪ್ಪಿಕೊಂಡಿತು. ದೇಹ ಕೇಳುವ ದಾಖಲೆ ಬೇರೆ. ಅದಕ್ಕೆ ಎಚ್‌ಎಲ್‌ಎ ಎನ್ನುತ್ತಾರೆ. ಜೀವಕೋಶದ ಹೊರಮೈ ಮೇಲಿರುವ ಗುರುತಿನ ಚೀಟಿ ಅಂದುಕೊಳ್ಳಿ. ಅಪ್ಪನಿಂದ ಒಂದು ಗೊಂಚಲು, ಅಮ್ಮನಿಂದ ಒಂದು ಗೊಂಚಲು ಬರುತ್ತದೆ. ಒಡಹುಟ್ಟಿದ ಇಬ್ಬರಲ್ಲಿ ಎರಡೂ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದು ಮಾತ್ರ ಹೊಂದುವುದು ನಾಲ್ಕರಲ್ಲಿ ಎರಡು, ಏನೂ ಹೊಂದದಿರುವುದು ನಾಲ್ಕರಲ್ಲಿ ಒಂದು. ನಮ್ಮಿಬ್ಬರದು ಅರ್ಧ ಹೊಂದಿತು. ಅಂದರೆ ನನ್ನ ಮೈಯ ಮಟ್ಟಿಗೆ ಅಕ್ಕ ಅರ್ಧ ನಮ್ಮವಳು, ಅರ್ಧ ಹೊರಗಿನವಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಕೆಟ್ಟ ಕಿಡ್ನಿಗಳನ್ನು ತೆಗೆಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅವು ಇದ್ದಲ್ಲೇ ಇರುತ್ತವೆ. ಹೊಸದನ್ನು ಕಿಬ್ಬೊಟ್ಟೆಯ ಬಲಗಡೆ ಕೂರಿಸಿದರು. ಈಗ ನನ್ನಲ್ಲಿ ಒಟ್ಟು ಮೂರು, ಎರಡು ರಿಟೈರ್ ಆದವು, ಒಂದು ಸರ್ವಿಸಿನಲ್ಲಿರುವುದು.

ಡಿಸ್ಚಾರ್ಜ್ ಆಗುವಾಗ ಕೊಟ್ಟ ಹಾಳೆಯಲ್ಲಿ ಏನು ತಿನ್ನಬಾರದು ಎಂಬ ಪಟ್ಟಿ ಇತ್ತು. ‘ಗ್ರೇಪ್‌ಫ್ರೂಟ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಗ್ರೇಪ್ ಎಂದರೆ ದ್ರಾಕ್ಷಿ ತಾನೆ? ದ್ರಾಕ್ಷಿಯ ಸೀಮೆಯಲ್ಲಿ ಹುಟ್ಟಿದವನು ಎರಡು ವರ್ಷ ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕಲಿಲ್ಲ. ಪಾಯಸದಲ್ಲಿ ಬಂದ ಒಣದ್ರಾಕ್ಷಿಯನ್ನೂ ಆರಿಸಿ ಎಲೆಯ ತುದಿಗಿಡುತ್ತಿದ್ದೆ. ಗ್ರೇಪ್‌ಫ್ರೂಟ್ ಎಂಬುದು ಕಿತ್ತಳೆ ಜಾತಿಯ ಬೇರೆಯೇ ಹಣ್ಣು, ನಮ್ಮ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ್ದು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದೆ ಇದ್ದದ್ದು ನನ್ನದೇ ತಪ್ಪು. ‘ಸಂದೇಹವಿದ್ದರೆ ಕೇಳಿ’ ಎಂದು ಬ್ಯಾಂಕಿನ ಗೋಡೆಗೆ ಬೋರ್ಡು ಹಾಕಿಸಿದವನು ನಾನು.

2016ರ ಗೌರಿ ಹಬ್ಬ ಮುಗಿಸಿಕೊಂಡು ಅಕ್ಕ ಬಂದಳು. ಚೀಲದ ತುಂಬ ಹಿತ್ತಲಿನ ಮರದ ಚಕ್ಕೋತ. ದೇವನಹಳ್ಳಿ ಚಕ್ಕೋತದ ರುಚಿ ಕಂಡವರಿಗೆ ನಾನು ಹೇಳಬೇಕಿಲ್ಲ. ವಿಮಾನ ನಿಲ್ದಾಣ, ಲೇಔಟು ಎಂದು ತೋಟಗಳು ಹೋಗಿ ಈಗ ಆ ಮರಗಳೇ ಅಪರೂಪವಾಗಿವೆ. ಅದಕ್ಕೆ ಜಿಐ ಮಾನ್ಯತೆ ಸಿಕ್ಕಿದ್ದೇನೋ ನಿಜ, ಮಾನ್ಯತೆಗೆ ಹಣ್ಣು ಬಿಡುವುದಿಲ್ಲವಲ್ಲ. ಅಕ್ಕ ಕೂತು ಸಿಪ್ಪೆ ಸುಲಿದು, ಬಿಳಿ ನಾರು ತೆಗೆದು, ನಸುಗೆಂಪು ತೊಳೆಗಳನ್ನು ತಟ್ಟೆಯಲ್ಲಿ ಜೋಡಿಸಿ ಕೊಡುತ್ತಿದ್ದಳು. ದಿನಕ್ಕೆ ಅರ್ಧ ಹಣ್ಣಿನಂತೆ ಐದಾರು ದಿನ ತಿಂದೆ.

ಆರನೆಯ ದಿನವೋ ಏಳನೆಯ ದಿನವೋ ನಮ್ಮ ಇನ್ನೊಂದು ಶಾಖೆಯಿಂದ ಫೋನು. ನಾನು ಸಹಿ ಮಾಡಿದ ಡಿಮ್ಯಾಂಡ್ ಡ್ರಾಫ್ಟು ವಾಪಸು ಬರುತ್ತಿದೆ. ಕಾರಣ: ಅಧಿಕಾರಿಯ ಸಹಿ ಮಾದರಿ ಸಹಿಗೆ ಹೊಂದುತ್ತಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಜನರ ಚೆಕ್ಕನ್ನು ನಾನು ಇದೇ ಮಾತು ಬರೆದು ಹಿಂದಿರುಗಿಸಿಲ್ಲ! ಒಂದು ಹಾಳೆ ತೆಗೆದುಕೊಂಡು ಸಹಿ ಹಾಕಿ ನೋಡಿದೆ. ಕೈ ಸಣ್ಣಗೆ ನಡುಗುತ್ತಿತ್ತು. ಅಕ್ಷರದ ಹೊಟ್ಟೆಯೆಲ್ಲ ಗರಗಸದ ಹಲ್ಲಿನ ಹಾಗೆ ಕಂಡಿತು.

ಮಾರನೆಯ ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ರಕ್ತ ಕೊಟ್ಟೆ. ಟ್ಯಾಕ್ರೊಲಿಮಸ್ಸಿನ ಮಟ್ಟವನ್ನು ಹಾಗೆಯೇ ನೋಡುವುದು, ಹಿಂದಿನ ಮಾತ್ರೆಯಾಗಿ ಹನ್ನೆರಡು ಗಂಟೆ ಕಳೆದ ಮೇಲೆ. ನನಗೆ ವೈದ್ಯರು ಹಾಕಿಕೊಟ್ಟ ಗಡಿ 5ರಿಂದ 8. ಬಂದದ್ದು 17.4. ಅದುವರೆಗೆ 1.2ರಲ್ಲಿದ್ದ ಕ್ರಿಯಾಟಿನಿನ್ 1.9ಕ್ಕೆ ಏರಿತ್ತು. ವೈದ್ಯರು ಒಂದೊಂದೇ ಕೇಳುತ್ತಾ ಬಂದರು. ಹೊಸ ಮಾತ್ರೆ ಏನಾದರೂ? ಇಲ್ಲ. ಆಯುರ್ವೇದ? ಇಲ್ಲ. ಹಣ್ಣು? ಚಕ್ಕೋತ ಎಂದೆ. ಅವರಿಗೆ ತಿಳಿಯಲಿಲ್ಲ. ತೆಲುಗಿನಲ್ಲಿ ‘ಪಂಪರ ಪನಸ’ ಎಂದೆ. ಅವರು ಪೆನ್ನು ಕೆಳಗಿಟ್ಟರು. ನಮ್ಮ ಕರುಳಿನ ಗೋಡೆಯಲ್ಲಿರುವ ಒಂದು ಕಿಣ್ವ ಈ ಮಾತ್ರೆಯ ದೊಡ್ಡ ಪಾಲನ್ನು ರಕ್ತಕ್ಕೆ ಸೇರುವ ಮೊದಲೇ ಒಡೆದು ಹಾಕುತ್ತದಂತೆ. ಡೋಸು ಲೆಕ್ಕ ಹಾಕುವುದೇ ಆ ಸೋರಿಕೆಯನ್ನು ಸೇರಿಸಿಕೊಂಡು. ಚಕ್ಕೋತದ ರಸ ಆ ಕಿಣ್ವವನ್ನೇ ಕೆಡಿಸುತ್ತದೆ. 2003ರಲ್ಲೇ ಜಪಾನಿನ ವೈದ್ಯರು ಕಿಡ್ನಿ ಕಸಿಯಾದ ಒಬ್ಬ ರೋಗಿಯಲ್ಲಿ ಇದೇ ಹಣ್ಣಿನಿಂದ ಇದೇ ಪ್ರಕರಣ ಆದುದನ್ನು ವರದಿ ಮಾಡಿದ್ದಾರೆ. ಎರಡು ಹೊತ್ತಿನ ಮಾತ್ರೆ ನಿಲ್ಲಿಸಿ, ಡೋಸು ಇಳಿಸಿ, ಮೂರು ದಿನಕ್ಕೊಮ್ಮೆ ರಕ್ತ ನೋಡಿದರು. ತಿಂಗಳಿಗೆ ಎಲ್ಲ ಹದಕ್ಕೆ ಬಂತು. ಸಹಿಯೂ ಹೊಂದಿತು. ಆ ನವೆಂಬರಿನಲ್ಲಿ ನೋಟು ರದ್ದಾದಾಗ ದಿನಕ್ಕೆ ಎಷ್ಟು ಸಹಿ ಹಾಕಿದೆನೋ ಲೆಕ್ಕವಿಲ್ಲ.

ಆದರೆ ಅಕ್ಕ ಕುಗ್ಗಿಹೋದಳು. "ಕೊಟ್ಟಿದ್ದೂ ನಾನೇ, ಕೆಡಿಸೋಕೆ ಹೋಗಿದ್ದೂ ನಾನೇ" ಎಂದು ರಾತ್ರಿಯೆಲ್ಲ ಕೂತಿದ್ದಳು. ಈ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆಂದು ತಿಳಿಯಲೇಬೇಕೆಂದು ನನಗೆ ಅನ್ನಿಸಿದ್ದು ಆಗ.

ನಮ್ಮ ಮೇಲಿನ ಮನೆಯಲ್ಲಿ ಸಾಗರದ ಕಡೆಯ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಹತ್ತಿರದಲ್ಲೇ ಹಬ್ಸಿಗುಡದಲ್ಲಿರುವ ಸಿಸಿಎಂಬಿ, ಅಂದರೆ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಮೆಟ್ಟಿಲ ಮೇಲೆ ನನ್ನಾಕೆ ಫೋನಿನಲ್ಲಿ ಜಗಳವಾಡುವ ಕನ್ನಡ ಕೇಳಿ ಪರಿಚಯ ಮಾಡಿಕೊಂಡವಳು. ಹೊರನಾಡಿನಲ್ಲಿ ಹೀಗೆಯೇ. ಊರಿನಲ್ಲಾಗಿದ್ದರೆ ಸಾಗರವೆಲ್ಲಿ, ದೇವನಹಳ್ಳಿಯೆಲ್ಲಿ! ಭಾನುವಾರ ನಮ್ಮಲ್ಲೇ ಅವಳ ಊಟ. ಒಂದು ಭಾನುವಾರ ಕೇಳಿದೆ, "ಏನಮ್ಮಾ, ಈ ಟ್ಯಾಕ್ರೊಲಿಮಸ್ ಏನು ಮಾಡುತ್ತೆ?"

"ಅಂಕಲ್, ಒಂದು ಪ್ರೋಟೀನಿನ ಮೇಲೆ ಅಂಟಿರೋ ಫಾಸ್ಫೇಟನ್ನ ಕೀಳದ ಹಾಗೆ ನೋಡ್ಕೊಳತ್ತೆ. ಅಷ್ಟೇ."

ಅಷ್ಟೇ ಎಂದರೆ ನನಗೆ ಆಗಲಿಲ್ಲ. ಅವಳು ನಾಲ್ಕು ಭಾನುವಾರ ತೆಗೆದುಕೊಂಡಳು. ನನಗೆ ತಿಳಿದಷ್ಟನ್ನು ನನ್ನ ಭಾಷೆಯಲ್ಲೇ ಹೇಳುತ್ತೇನೆ.

ಪ್ರತಿ ಜೀವಕೋಶದ ಒಳಗೂ ಒಂದು ಸ್ಟ್ರಾಂಗ್ ರೂಮು ಇದೆ, ನ್ಯೂಕ್ಲಿಯಸ್ ಅಂತ. ಅದರಲ್ಲಿ ಡಿಎನ್‌ಎ ಎಂಬ ಲೆಡ್ಜರು. ಮೂಲ ಲೆಡ್ಜರು ಹೊರಗೆ ಬರುವಂತಿಲ್ಲ. ಬೇಕಾದ ಪುಟದ ನಕಲು ಮಾತ್ರ ಹೊರಗೆ ಬರುತ್ತದೆ, ಆ ನಕಲು ನೋಡಿ ಹೊರಗಿನವರು ಪ್ರೋಟೀನು ತಯಾರಿಸುತ್ತಾರೆ. ಯಾವ ಪುಟದ ನಕಲು, ಯಾವಾಗ, ಎಷ್ಟು ಎಂದು ಹೇಳುವ ಅಧಿಕಾರಿಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ಅವೂ ಪ್ರೋಟೀನುಗಳೇ. ನನ್ನ ಮೊದಲ ಪ್ರಶ್ನೆ: ಅಧಿಕಾರಿ ಕೋಶದಲ್ಲೇ ಇದ್ದಾನೆ ಎಂದ ಮೇಲೆ ಸದಾಕಾಲ ನಕಲು ತೆಗೆಸುತ್ತಲೇ ಇರುವುದಿಲ್ಲ ಯಾಕೆ?

ಅದಕ್ಕೆ ಉತ್ತರವೇ ಈ ರಾಸಾಯನಿಕ ಗುರುತುಗಳು. ತಯಾರಾದ ಪ್ರೋಟೀನಿನ ಮೇಲೆ ಆಮೇಲೆ ಒಂದು ಸಣ್ಣ ತುಣುಕನ್ನು ಅಂಟಿಸುವುದು, ಬೇಡವಾದಾಗ ಕೀಳುವುದು. ಫಾಸ್ಫೇಟ್ ಅಂಥ ಒಂದು ತುಣುಕು. ಅಂಟಿಸುವ ಕಿಣ್ವ ಬೇರೆ, ಕೀಳುವ ಕಿಣ್ವ ಬೇರೆ. ಅಂಟಿಸುವ ಬಗೆಯವೇ ಮನುಷ್ಯನಲ್ಲಿ ಐನೂರಕ್ಕೂ ಹೆಚ್ಚು. ಹೊಸ ಅಧಿಕಾರಿಯನ್ನು ತಯಾರು ಮಾಡಿ ತರಬೇಕೆಂದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಇದ್ದವನ ಮೇಲಿನ ಗುರುತು ಕಿತ್ತರೆ ನಿಮಿಷಗಳಲ್ಲಿ ಕೆಲಸ ಶುರು. ಇಂಥ ಅಂಟಿಸುವ ಕೀಳುವ ಆಟವನ್ನು 1950ರ ದಶಕದಲ್ಲಿ ಸ್ನಾಯುವಿನ ಒಂದು ಕಿಣ್ವದಲ್ಲಿ ಕಂಡುಹಿಡಿದವರು ಅಮೆರಿಕದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್. ಅವರಿಗೆ ನೊಬೆಲ್ ಬಂದದ್ದು 1992ರಲ್ಲಿ. ನಮ್ಮ ಬ್ಯಾಂಕಿನ ಪ್ರಮೋಷನ್ನೇ ವಾಸಿ.

ನನ್ನ ಕಥೆಯಲ್ಲಿ ಬರುವ ಅಧಿಕಾರಿಯ ಹೆಸರು ಎನ್‌ಫ್ಯಾಟ್. ಕೊಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ರಕ್ತದಲ್ಲಿ ಗಸ್ತು ತಿರುಗುವ ಟಿ-ಕೋಶಗಳೊಳಗೆ ಇರುತ್ತದೆ, ಆದರೆ ಸ್ಟ್ರಾಂಗ್ ರೂಮಿನ ಹೊರಗೆ. ಅದರ ಮೈಮೇಲೆ ಹದಿನಾಲ್ಕು ಫಾಸ್ಫೇಟು ಅಂಟಿವೆ. ನಾನು ತಕ್ಷಣ, "ಸೀಲು ಬಿದ್ದಿದೆ ಅಂದರೆ ಒಳಗೆ ಬಿಡಬೇಕಲ್ವಾ?" ಎಂದೆ. "ಇಲ್ಲಿ ಉಲ್ಟಾ ಅಂಕಲ್, ಸೀಲು ಕಿತ್ತರೇ ಒಳಗೆ ಬಿಡೋದು" ಎಂದಳು. ಆಗ ನನಗೆ ಹೊಳೆಯಿತು. ಇದು ಸೀಲಲ್ಲ, ಲೀನ್! ಸಾಲಕ್ಕೆ ಒತ್ತೆಯಿಟ್ಟ ಎಫ್‌ಡಿ ಮೇಲೆ ಲೀನ್ ಗುರುತು ಹಾಕುತ್ತೇವೆ. ದುಡ್ಡು ಅಲ್ಲೇ ಇರುತ್ತದೆ, ಆದರೆ ಅಲ್ಲಾಡುವಂತಿಲ್ಲ. ಲೀನ್ ತೆಗೆದರೆ ಅದೇ ದುಡ್ಡು ಹರಿಯುತ್ತದೆ.

ಆದರೂ ಒಂದು ಗುರುತು ಕಿತ್ತರೆ ಬಾಗಿಲು ಹೇಗೆ ತೆರೆಯುತ್ತದೆ? ಹುಡುಗಿ ನನ್ನಾಕೆಯ ಸ್ಟಿಕರ್ ಬೊಟ್ಟಿನ ಹಾಳೆ ಕೇಳಿ ತೆಗೆದುಕೊಂಡಳು. ಹಳೆಯ ಕ್ಯಾಲೆಂಡರಿನ ಒಂದು ಹಾಳೆಯ ಮಧ್ಯದಲ್ಲಿ ‘ಪಾಸ್’ ಎಂದು ಬರೆದು, ಆ ಬರಹ ಒಳಗಾಗುವಂತೆ ಮಡಿಚಿ, ಅಂಚಿನುದ್ದಕ್ಕೂ ಹದಿನಾಲ್ಕು ಬೊಟ್ಟು ಅಂಟಿಸಿದಳು. "ಇದು ಎನ್‌ಫ್ಯಾಟ್. ಒಳಗೆ ಹೋಗೋ ಪಾಸು ಅದರ ಹತ್ರಾನೇ ಇದೆ, ಮಡಿಕೆಯೊಳಗೆ ಮುಚ್ಚಿಹೋಗಿದೆ." ಆಮೇಲೆ ಒಂದೊಂದೇ ಬೊಟ್ಟು ಕೀಳುತ್ತಾ ಬಂದಳು. ಹದಿಮೂರು ಕಿತ್ತ ಮೇಲೆ ಹಾಳೆ ತಾನಾಗಿ ಬಿಚ್ಚಿಕೊಂಡು ‘ಪಾಸ್’ ಕಾಣಿಸಿತು. ಹದಿಮೂರು ಎಂಬುದು ಬಾಯಿಗೆ ಬಂದ ಲೆಕ್ಕವಲ್ಲ. ಭಾರತ ಮೂಲದ ವಿಜ್ಞಾನಿ ಅಂಜನಾ ರಾವ್ ಅವರ ತಂಡ 2000ದಲ್ಲಿ ಎಣಿಸಿ ಹೇಳಿದ್ದು. ನನ್ನಾಕೆ ಅಡುಗೆಮನೆಯಿಂದ, "ಒಂದು ಪ್ಯಾಕೆಟ್ ಬೊಟ್ಟು ಹಾಳಾಯ್ತು" ಎಂದಳು.

ಈ ಬೊಟ್ಟು ಕೀಳುವ ಕಿಣ್ವದ ಹೆಸರು ಕ್ಯಾಲ್ಸಿನ್ಯೂರಿನ್. ಟಿ-ಕೋಶ ಗಸ್ತು ತಿರುಗುತ್ತಾ ಅಕ್ಕನ ಕಿಡ್ನಿಯ ಒಂದು ಕೋಶವನ್ನು ಮುಟ್ಟಿ ನೋಡುತ್ತದೆ. ಗುರುತಿನ ಚೀಟಿ ನಮ್ಮದಲ್ಲ. ಕೂಡಲೇ ಟಿ-ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅದರಿಂದ ಕ್ಯಾಲ್ಸಿನ್ಯೂರಿನ್ ಎಚ್ಚರಗೊಂಡು ಎನ್‌ಫ್ಯಾಟಿನ ಬೊಟ್ಟುಗಳನ್ನು ಕೀಳುತ್ತದೆ. ಎನ್‌ಫ್ಯಾಟ್ ಸ್ಟ್ರಾಂಗ್ ರೂಮಿಗೆ ಹೋಗುತ್ತದೆ. ಹೋದರೂ ಒಬ್ಬನೇ ಬೀಗ ತೆಗೆಯುವಂತಿಲ್ಲ! ಎಪಿ-1 ಎಂಬ ಇನ್ನೊಬ್ಬ ಅಧಿಕಾರಿ ಬೇರೆ ದಾರಿಯಿಂದ ಬಂದು ಜೊತೆಗೂಡಬೇಕು. ಮ್ಯಾನೇಜರನ ಬಳಿ ಒಂದು ಕೀಲಿಕೈ, ಹೆಡ್ ಕ್ಯಾಷಿಯರನ ಬಳಿ ಒಂದು. ನಮ್ಮ ಜಾಯಿಂಟ್ ಕಸ್ಟಡಿಯೇ. ಎನ್‌ಫ್ಯಾಟ್ ಒಂಟಿಯಾಗಿ ಹೋದರೆ ಟಿ-ಕೋಶ ಜಗಳಕ್ಕೆ ನಿಲ್ಲುವ ಬದಲು ಮಂಕಾಗಿಬಿಡುತ್ತದಂತೆ. ಇಬ್ಬರೂ ಕೂಡಿದರೆ ಇಂಟರ್‌ಲ್ಯೂಕಿನ್-2 ಎಂಬುದರ ಪುಟ ನಕಲಾಗುತ್ತದೆ. ಅದು ‘ದಂಡು ಕಟ್ಟಿ’ ಎಂಬ ಸುತ್ತೋಲೆ. ಟಿ-ಕೋಶ ಒಂದು ಹತ್ತಾಗಿ, ಹತ್ತು ಸಾವಿರವಾಗಿ ಕಿಡ್ನಿಯ ಮೇಲೆ ಬೀಳುತ್ತವೆ. ಕ್ಯಾಲ್ಸಿಯಂ ಇಳಿದರೆ ಬೇರೆ ಕಿಣ್ವಗಳು ಮತ್ತೆ ಬೊಟ್ಟು ಅಂಟಿಸಿ ಎನ್‌ಫ್ಯಾಟನ್ನು ಹೊರಗೆ ಕಳಿಸುತ್ತವೆ.

ನನ್ನ ಮಾತ್ರೆ ಮೊದಲು ಕೋಶದೊಳಗಿನ ಇನ್ನೊಂದು ಸಣ್ಣ ಪ್ರೋಟೀನಿನ ಕೈ ಹಿಡಿಯುತ್ತದೆ. ಜೋಡಿಯಾಗಿ ಹೋಗಿ ಕ್ಯಾಲ್ಸಿನ್ಯೂರಿನ್ನಿನ ಮೇಲೆ ಕೂರುತ್ತದೆ. ಬೊಟ್ಟು ಕೀಳುವ ಬೆರಳೇ ಕಟ್ಟಿಹಾಕಿದಂತೆ. ಟಿ-ಕೋಶ ಅಕ್ಕನನ್ನು ಮುಟ್ಟುತ್ತದೆ, ಹೊರಗಿನವಳು ಎಂದು ಗುರುತಿಸುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಎಲ್ಲವೂ ಆಗುತ್ತದೆ. ಲೀನ್ ಮಾತ್ರ ಎತ್ತುವುದಿಲ್ಲ. ನನಗೆ ಬಹಳ ದಿನ ತಲೆಯಲ್ಲಿ ಉಳಿದದ್ದು ಇದೇ. ಮಾತ್ರೆ ನನ್ನ ಮೈಯ ಅಭಿಪ್ರಾಯ ಬದಲಿಸುವುದಿಲ್ಲ, ಆದೇಶ ಹೊರಡದಂತೆ ತಡೆಯುತ್ತದೆ, ಅದೂ ಹನ್ನೆರಡು ಗಂಟೆಯ ಮಟ್ಟಿಗೆ. ಆದ್ದರಿಂದಲೇ ಒಂಬತ್ತು ಗಂಟೆ.

ಕ್ಯಾಲ್ಸಿನ್ಯೂರಿನ್ ಟಿ-ಕೋಶದಲ್ಲಿ ಮಾತ್ರ ಇರುವುದಲ್ಲ, ಮಿದುಳಿನಲ್ಲಿ ಧಾರಾಳವಾಗಿದೆ. ಕಿಡ್ನಿಯಲ್ಲೂ ಇದೆ. ಹಾಗಾಗಿ ಮಾತ್ರೆ ಹೆಚ್ಚಾದರೆ ಕೈ ನಡುಗುತ್ತದೆ, ಕಿಡ್ನಿಯ ರಕ್ತನಾಳ ಬಿಗಿಯುತ್ತದೆ. ಕಿಡ್ನಿ ಕಾಯುವ ಮಾತ್ರೆಯೇ ಕಿಡ್ನಿ ಕೆಡಿಸುತ್ತದೆ. ಕಡಿಮೆಯಾದರೆ ಬೊಟ್ಟು ಉದುರುತ್ತದೆ. 5ಕ್ಕೂ 8ಕ್ಕೂ ನಡುವೆ ನಡೆಯಬೇಕು.

ಈ ಮಾತ್ರೆ ಸಿಕ್ಕಿದ್ದೂ ವಿಚಿತ್ರವೇ. 1984ರಲ್ಲಿ ಜಪಾನಿನ ತ್ಸುಕುಬಾ ಎಂಬಲ್ಲಿಯ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದದ್ದು. ಹೆಸರಿನ ಮೊದಲ ‘ಟ’ ಆ ಊರಿನದು. ಅದಕ್ಕೂ ಮುಂಚೆ ನಾರ್ವೆಯ ಮಣ್ಣಿನ ಬೂಷ್ಟಿನಿಂದ ಬಂದ ಸೈಕ್ಲೊಸ್ಪೋರಿನ್ ಇತ್ತು. ಎರಡೂ ಹೋಗಿ ಕೂರುವುದು ಒಂದೇ ಕ್ಯಾಲ್ಸಿನ್ಯೂರಿನ್ನಿನ ಮೇಲೆ ಎಂದು ಅಮೆರಿಕದ ಸ್ಟುವರ್ಟ್ ಶ್ರೈಬರ್ ತಂಡ ತೋರಿಸಿದ್ದು 1991ರಲ್ಲಿ. ಅಷ್ಟರಲ್ಲಿ ಸೈಕ್ಲೊಸ್ಪೋರಿನ್ ಎಷ್ಟೋ ಜನರ ಕಿಡ್ನಿ ಉಳಿಸಿಯಾಗಿತ್ತು. ಹೇಗೆ ಎಂದು ತಿಳಿಯುವ ಮೊದಲೇ ಕೆಲಸ ನಡೆದಿತ್ತು.

ಗುರುತುಗಳಲ್ಲಿ ಫಾಸ್ಫೇಟ್ ಒಂದೇ ಅಲ್ಲವಂತೆ. ಅಸಿಟೈಲ್, ಮೀಥೈಲ್, ಯುಬಿಕ್ವಿಟಿನ್, ಸೂಮೊ. ಕೊನೆಯದನ್ನು ಕೇಳಿ ನಾನು ಜಪಾನಿನ ಪೈಲ್ವಾನರನ್ನು ನೆನೆಸಿಕೊಂಡೆ. ಹುಡುಗಿ ಕೆಲಸ ಮಾಡುತ್ತಿದ್ದದ್ದು ಯುಬಿಕ್ವಿಟಿನ್ ಮೇಲೆ. ಅದು ಹೆಚ್ಚಾಗಿ ‘ಇದನ್ನು ನಾಶಮಾಡಿ’ ಎಂಬ ಗುರುತು. ಎನ್‌ಎಫ್-ಕಪ್ಪಾ-ಬಿ ಎಂಬ ಅಧಿಕಾರಿಯನ್ನು ಒಬ್ಬ ಕಾವಲುಗಾರ ಹಿಡಿದುಕೊಂಡಿರುತ್ತಾನೆ. ಕಾವಲುಗಾರನ ಮೇಲೆ ಮೊದಲು ಫಾಸ್ಫೇಟ್ ಬೀಳುತ್ತದೆ, ಅದನ್ನು ನೋಡಿ ಯುಬಿಕ್ವಿಟಿನ್ ಅಂಟುತ್ತದೆ, ಕಾವಲುಗಾರ ಚೂರುಚೂರಾಗುತ್ತಾನೆ, ಅಧಿಕಾರಿ ಬಿಡುಗಡೆಯಾಗಿ ಒಳಗೆ ಓಡುತ್ತಾನೆ. ಅದೇ ಫಾಸ್ಫೇಟ್ ಒಂದು ಕಡೆ ಕಟ್ಟಿಹಾಕುತ್ತದೆ, ಇನ್ನೊಂದು ಕಡೆ ಬಿಡಿಸುತ್ತದೆ. ನಮ್ಮಲ್ಲೂ ಕೆಂಪು ಶಾಯಿಯ ಟಿಕ್ ಮಾರ್ಕು ಯಾವ ಕಾಲಮ್ಮಿನಲ್ಲಿ ಬಿತ್ತು ಎಂಬುದರ ಮೇಲೆ ತಾನೇ ಅರ್ಥ.

ಮುಂದಿನ ವರ್ಷ ಅಕ್ಕ ಬಂದಾಗ ನಾನೇ ಮೇಷ್ಟರಾದೆ. ಹಾಳೆ ಮಡಿಚಿ, ಬೊಟ್ಟು ಅಂಟಿಸಿ, ಲೀನ್, ಲೆಡ್ಜರು ಎಲ್ಲ ಬಿಟ್ಟು ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಅಕ್ಕ ಓದಿದ್ದು ಏಳನೆಯ ಕ್ಲಾಸು. ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಳ್ಳುತ್ತಾ ಪೂರ್ತಿ ಕೇಳಿದಳು.

"ಅಂದ್ರೆ ಈ ಹದಿಮೂರು ಬೊಟ್ಟು ಕಿತ್ತು ಬಂದ್ರೆ ನಾನು ನಿನಗೆ ಪರರವಳು?"

"ನನಗಲ್ಲ ಅಕ್ಕಾ, ನನ್ನ ರಕ್ತಕ್ಕೆ."

"ರಕ್ತ ಬೇರೆ, ನೀನು ಬೇರೆನಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳು ಹಾಳೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಒಂದು ಬೊಟ್ಟಿನ ಅಂಚು ಎದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿ, "ಇದು ಸರಿಯಾಗಿ ಅಂಟಿಲ್ಲ ನೋಡು" ಎಂದು ವಾಪಸು ಕೊಟ್ಟಳು. ಅಂದಿನಿಂದ ಊರಿನಲ್ಲಿದ್ದರೂ ಅವಳೇ ರಾತ್ರಿ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಫೋನು ಮಾಡಿ, "ಬೊಟ್ಟು ಇಟ್ಕೊಂಡ್ಯಾ?" ಎನ್ನುತ್ತಿದ್ದಳು. ಕೇಳಿದವರು ಏನಂದುಕೊಳ್ಳುತ್ತಿದ್ದರೋ.

2021ರ ಮೇ ತಿಂಗಳು. ಎರಡೂ ರಾಜ್ಯಗಳಲ್ಲಿ ಲಾಕ್‌ಡೌನ್. ಒಂದು ಸಂಜೆ ಅಕ್ಕನ ಮಗ ಫೋನು ಮಾಡಿದ. ಎದೆನೋವು ಅಂದಳಂತೆ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಾನು ಹೊರಟು ನಿಂತೆ. ವೈದ್ಯರಿಗೆ ಫೋನು ಮಾಡಿದರೆ, ಈ ಹೊತ್ತಿನಲ್ಲಿ ಮನೆಯ ಗೇಟು ದಾಟುವುದೂ ಬೇಡ ಎಂದರು. ಟಿ-ಕೋಶಗಳಿಗೆ ಅಕ್ಕನನ್ನು ಬಿಟ್ಟುಬಿಡಿ ಎಂದು ಹೇಳಿರುವ ಮಾತ್ರೆ ವೈರಸ್ಸಿನ ವಿಷಯದಲ್ಲೂ ಅದನ್ನೇ ಹೇಳಿರುತ್ತದೆ. ಲೀನ್ ಬಿದ್ದಿರುವುದು ಇಡೀ ಖಾತೆಯ ಮೇಲೆ. ಅಕ್ಕನ ಕಿಡ್ನಿ ಉಳಿಸಿಕೊಳ್ಳಲು ಅಕ್ಕನ ಮುಖ ನೋಡಲು ಹೋಗಬಾರದು. ಮೊಬೈಲಿನಲ್ಲಿ ನೋಡಿದೆ. ಮುಖಕ್ಕಿಂತ ಹಿಂದಿನ ಮರವೇ ಹೆಚ್ಚು ಕಂಡಿತು. ಹಿತ್ತಲಿನಲ್ಲೇ ಮಲಗಿಸಿದ್ದರು.

ಎಂಟು ಐವತ್ತೈದಕ್ಕೆ ಫೋನು ಬರಲಿಲ್ಲ. ಒಂಬತ್ತಕ್ಕೆ ಗಂಟೆ ಕೂಗಿತು. ನನ್ನಾಕೆ ನೀರು, ಮಾತ್ರೆ ತಂದಿಟ್ಟಳು. ಕೈಯಲ್ಲಿ ಹಿಡಿದು ಕೂತೆ. ನುಂಗಬಾರದು ಎಂದೇನೂ ಅಲ್ಲ. ದೇವನಹಳ್ಳಿಯಲ್ಲಿ ಎಲ್ಲ ಮುಗಿಯುತ್ತಿದೆ, ಇಲ್ಲಿ ನನ್ನ ಕಿಬ್ಬೊಟ್ಟೆಯಲ್ಲಿ ಅವಳದೇ ಡಿಎನ್‌ಎ ಇರುವ ಅವಳದೇ ಕೋಶಗಳು ಎಂದಿನಂತೆ ಕೆಲಸ ಮಾಡುತ್ತಿವೆ, ಅವಕ್ಕೆ ಸುದ್ದಿ ತಲುಪಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಒಂಬತ್ತೂ ಇಪ್ಪತ್ತಕ್ಕೆ ನನ್ನಾಕೆ, "ಅವರು ಬೈತಾರೆ" ಎಂದಳು. ನುಂಗಿದೆ.

ಹುಡುಗಿ ಈಗ ಹೊರದೇಶದಲ್ಲಿದ್ದಾಳೆ, ಅದೇ ಯುಬಿಕ್ವಿಟಿನ್. ನನ್ನ ಕಳೆದ ತಿಂಗಳ ಲೆಕ್ಕ: ಟ್ಯಾಕ್ರೊಲಿಮಸ್ 6.1, ಕ್ರಿಯಾಟಿನಿನ್ 1.4. ಪರವಾಗಿಲ್ಲ.

ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಮರ ಚೆನ್ನಾಗಿ ಬಿಟ್ಟಿತ್ತು. ಅಳಿಯ ಬೇಡ ಬೇಡ ಎಂದರೂ ನಾಲ್ಕು ಹಣ್ಣು ಚೀಲಕ್ಕೆ ಹಾಕಿಕೊಂಡು ಬಂದೆ, ಎದುರು ಮನೆಯವರಿಗೆ ಅಂತ. ನಾನೇ ಕೂತು ಅಕ್ಕ ಸುಲಿಯುತ್ತಿದ್ದ ಹಾಗೆ ಸುಲಿದೆ. ಬೆರಳಿಗೆಲ್ಲ ಆ ಘಮ ಹತ್ತಿತು. ಮೊಮ್ಮಗ ಒಂದು ತಟ್ಟೆ ಮುಗಿಸಿ, ಬೆರಳು ನೆಕ್ಕುತ್ತಾ, "ತಾತಗಾರೂ, ಮೀರು ತಿನರಾ?" ಎಂದು ಕೇಳಿದ. ತಿನ್ನುವುದಿಲ್ಲ ಎಂದೆ. ಯಾಕೆ ಎಂದ. ಹೇಳಲು ಶುರು ಮಾಡುವಷ್ಟರಲ್ಲಿ ಗಂಟೆ ಕೂಗಿತು. ನಾನು ಕೈ ತೊಳೆಯಲು ಎದ್ದೆ. ಹುಡುಗ ಮಲಗಲು ಹೋಗುವ ಬದಲು, ಡಬ್ಬಿ ಎಲ್ಲಿದೆ ಎಂದು ಕೇಳಿ ತಾನೇ ತಂದುಕೊಟ್ಟ.